ಮೇಲಿನ ಹಾಸಿಗೆಗೆ ಕೊಸರು ಏಣಿ

ವಯಸ್ಸಾದ ಮೇಲೆ ಮಲಗುವುದೂ ಒಂದು ಕೆಲಸವಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಿದ್ದೆಗೆ ಒಂದು ಚಾಪೆ, ಒಂದು ದಿಂಬು, ತಲೆಯ ಮೇಲೊಂದು ಫ್ಯಾನು ಇದ್ದರೆ ಸಾಕು ಎಂದುಕೊಂಡೇ ಇಷ್ಟು ಕಾಲ ಬದುಕಿದವನು ನಾನು. ಈಗ ಮಲಗುವ ಮುನ್ನ ಏಣಿ ಹತ್ತಿ ಇಳಿಯಬೇಕಾದ ಕಾಲ ಬಂದಿದೆ. ಹತ್ತಿ ಮುಗಿಸುವಷ್ಟರಲ್ಲಿ ಬಂದಿದ್ದ ನಿದ್ದೆ ಇಳಿದುಹೋಗಿರುತ್ತದೆ. ಅದಕ್ಕೇ ಹೇಳುತ್ತೇನೆ, ಕೇಳಿಸಿಕೊಳ್ಳಿ. ಒಳಗೇ ಒಲೆ, ಒಳಗೇ ಹಾಸಿಗೆ ಇರುವ ಕ್ಯಾಂಪರ್ ವ್ಯಾನು ಕೊಳ್ಳಲು ಹೋದರೆ ಎಂಜಿನ್ ಆಮೇಲೆ ನೋಡಿ, ಟೈರು ಆಮೇಲೆ ನೋಡಿ. ಮೊದಲು ಚಪ್ಪಲಿ ಬಿಟ್ಟು ಮೇಲಿನ ಹಾಸಿಗೆಗೆ ಹತ್ತಿ, ಮಲಗಿ, ಮಗ್ಗುಲು ಬದಲಾಯಿಸಿ, ಇಳಿದು ಬನ್ನಿ. ನಾನು ಎಂಜಿನ್ ನೋಡಿದೆ, ಟೈರು ಒದ್ದು ನೋಡಿದೆ, ಗಾಡಿಯ ಕೆಳಗೆ ತೂರಿ ತುಕ್ಕು ಕೆರೆದು ನೋಡಿದೆ. ಹಾಸಿಗೆಯನ್ನು ಮಾತ್ರ ಕೆಳಗೆ ನಿಂತು ಕೈಯಲ್ಲಿ ಒತ್ತಿ, "ಮೆತ್ತಗಿದೆ" ಎಂದೆ.

ಕೋಣನಕುಂಟೆಯಲ್ಲಿ ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಾನು ನಲ್ಲಿ, ಪೈಪು, ಬಣ್ಣ ಮಾರುತ್ತೇನೆ. ಅಂಗಡಿಯ ಮುಂದೆ ಅಲ್ಯೂಮಿನಿಯಂ ಏಣಿಗಳನ್ನೂ ಒರಗಿಸಿಟ್ಟಿದ್ದೇನೆ. ಏಣಿಯನ್ನು ಎಷ್ಟು ಓರೆಯಾಗಿ ನಿಲ್ಲಿಸಬೇಕು, ಎಲ್ಲಿ ಹಿಡಿಯಬೇಕು ಎಂದು ಬಂದವರಿಗೆಲ್ಲ ಪುಕ್ಕಟೆ ಉಪದೇಶ ಮಾಡುತ್ತೇನೆ. ಬಿಲ್ಲು ಬರೆಯುವುದು ನನ್ನ ಹೆಂಡತಿ ಸಾವಿತ್ರಿ. ಮದುವೆಯಾದಾಗಿನಿಂದ ನಾವಿಬ್ಬರೂ ಅಂಗಡಿಗೆ ಬೀಗ ಹಾಕಿದ್ದು ಯಾರದಾದರೂ ಮದುವೆಗೋ ಸಾವಿಗೋ ಅಷ್ಟೆ. ಸಮುದ್ರ ನೋಡಬೇಕೆಂದು ಆಕೆ ಹೇಳಿ ಹೇಳಿ ಸುಸ್ತಾಗಿ, ಕೊನೆಗೆ ಹೇಳುವುದನ್ನೇ ಬಿಟ್ಟಿದ್ದಳು. ಹೆಂಡತಿ ಕೇಳುವುದನ್ನು ಬಿಟ್ಟರೆ ಎಂಥ ಗಂಡಸಿಗೂ ಒಳಗೊಳಗೇ ಭಯವಾಗುತ್ತದೆ. ಕರೆದುಕೊಂಡು ಹೋಗೋಣವೆಂದರೆ ಆಕೆಗೆ ಲಾಡ್ಜು ಆಗದು. "ಆ ರಗ್ಗು ಯಾರ್ಯಾರು ಹೊದ್ದಿರ್ತಾರೋ ಏನೋ!" ಎನ್ನುತ್ತಾಳೆ. ಹಾಗಾಗಿ ವ್ಯಾನು.

ಮಾರುವವನು ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿ ಕಡೆಯ ಹುಡುಗ. ಆಫೀಸಿನ ಕೆಲಸದಲ್ಲಿರುವವನು, ಪಾಪ, ಚೌಕಾಸಿ ಗೊತ್ತಿಲ್ಲದವನು. ಮೇಲಿನ ಹಾಸಿಗೆಗೆ ಹತ್ತಲು ಅವನು ಅಚ್ಚುಕಟ್ಟಾಗಿ ಮರದ ಮೆಟ್ಟಿಲು ಮಾಡಿಸಿದ್ದ. ಒಂದೊಂದು ಮೆಟ್ಟಿಲಿನೊಳಗೂ ಒಂದೊಂದು ಡ್ರಾಯರು. ವ್ಯಾಪಾರದಲ್ಲಿ ನನ್ನದೊಂದು ಕ್ರಮವಿದೆ. ಯಾವುದು ಚೆನ್ನಾಗಿದೆಯೋ ಅದನ್ನೇ ಬೇಡವೆನ್ನಬೇಕು. "ಈ ಪೆಟ್ಟಿಗೆ ಸುಮ್ನೆ ಜಾಗ ತಿನ್ನತ್ತಪ್ಪಾ. ನಂಗ್ಬೇಡ. ಕಿತ್ಕೊಂಡು ರೇಟ್ ಇಳಿಸು" ಎಂದೆ. ಅವನು ಹೌಹಾರಿ, ಇದು ಬಿಟ್ಟಿಯಾಗೇ ಬರುತ್ತದೆ ಎನ್ನುತ್ತಾನೆಂದು ಕಾದೆ. ಅವನು ತಲೆಯಾಡಿಸಿ, "ಆತು ಬಿಡ್ರಿ ಅಂಕಲ್, ನಮ್ಮ ರೂಮಿನ್ಯಾಗ ಚಪ್ಪಲ್ ಇಡಾಕ ಬರ್ತೈತಿ" ಎಂದು ಸ್ಕ್ರೂಡ್ರೈವರ್ ತಂದ! ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡರೆ ನಾನು ಇಷ್ಟು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತದ್ದಕ್ಕೆ ಏನು ಬೆಲೆ? ಅವನು ಬಿಚ್ಚಿದ ಸ್ಕ್ರೂಗಳನ್ನು ನಾನೇ ಅಂಗೈಯಲ್ಲಿ ಹಿಡಿದುಕೊಂಡೆ. ಆದರೆ ಸೊಪ್ಪಿನವಳ ಹತ್ತಿರವೂ ಕೊಸರು ಕೇಳದೆ ಏಳುವ ವಂಶವಲ್ಲ ನಮ್ಮದು. ಮೂಲೆಯಲ್ಲಿ ಅವನ ರೂಮಿನ ಅಟ್ಟದಿಂದ ಸೂಟ್‌ಕೇಸು ಇಳಿಸುವ ಕಬ್ಬಿಣದ ಏಣಿಯೊಂದು ಒರಗಿತ್ತು. "ಕೊಸರಿಗೆ ಅದನ್ನ ಹಾಕ್ಬಿಡು" ಎಂದೆ. "ಅಯ್ಯ, ಗಾಡಿಗೂ ಕೊಸರು ಕೇಳ್ತೀರೇನ್ರೀ?" ಎಂದು ಅವನು ನಗುತ್ತಲೇ ಏಣಿ ಎತ್ತಿ ಒಳಗಿಟ್ಟ. ಗೆದ್ದೆ ಎಂದುಕೊಂಡು ಬನಶಂಕರಿ ದಾಟುವವರೆಗೂ ಹಾಡು ಗುನುಗುತ್ತಾ ಬಂದೆ.

ಮನೆಗೆ ಬಂದು ನೋಡಿದರೆ ಏಣಿಯ ತುದಿಯ ಕೊಕ್ಕೆ ವ್ಯಾನಿನ ಮೇಲಿನ ಹಾಸಿಗೆಯ ಅಂಚಿಗೆ ಕೂರಲೊಲ್ಲದು. ಓರೆಯಾಗಿ ನಿಲ್ಲಿಸಲು ಜಾಗವಿಲ್ಲ. ನಡುವಿನ ಓಣಿ ಅಷ್ಟು ಕಿರಿದು. ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿದೆ. ಅಂಗಡಿಯಿಂದ ಒಳ್ಳೆಯ ಮಡಚುವ ಏಣಿ ತಂದೂ ನೋಡಿದೆ. ಅದರ ಕಾಲು ಬಿಡಿಸಿದರೆ ಬಾಗಿಲು ತೆರೆಯುವುದಿಲ್ಲ, ಒಲೆ ಹಚ್ಚುವಂತಿಲ್ಲ, ಒಳಗಿದ್ದ ಸಾವಿತ್ರಿ ಹೊರಗೆ ಬರುವಂತಿಲ್ಲ. "ನನ್ನ ಕೂಡಿಹಾಕೋಕೆ ವ್ಯಾನ್ ತಂದ್ರಾ?" ಎಂದಳು. ಅದನ್ನು ವಾಪಸ್ ಅಂಗಡಿಗೇ ಕಳಿಸಿದೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮನೆಯ ಮುಂದೆಯೇ ಕೊಸರಿನ ಏಣಿಯ ಪರೀಕ್ಷೆ ನಡೆಯಿತು. ದುಂಡನೆಯ ಸಲಾಕೆಯ ಮೆಟ್ಟಿಲುಗಳು ಅಂಗಾಲನ್ನು ಕೊಯ್ಯುತ್ತವೆ. ಹೇಗೋ ತುದಿ ತಲುಪಿದೆ. ಆಮೇಲೇನು ಮಾಡಬೇಕೆಂದು ಗೊತ್ತಾಗಲಿಲ್ಲ. ಮೊಣಕಾಲು ಮೊದಲು ಹಾಕಿದರೆ ತಲೆ ಚಾವಣಿಗೆ ಬಡಿಯುತ್ತದೆ. ತಲೆ ಮೊದಲು ತೂರಿಸಿದರೆ ಕಾಲು ಆಧಾರ ಬಿಡುತ್ತದೆ. ಕೊನೆಗೆ ಹೊಟ್ಟೆಯ ಮೇಲೆ ಜಾರಿ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡೆ. ಪಕ್ಕದ ಮನೆಯ ವೆಂಕಟೇಶಪ್ಪ ತೆರೆದ ಬಾಗಿಲಲ್ಲಿ ಇಣುಕಿ, "ಏನ್ ಗುರುವೇ, ಗಾಡೀಲಿ ಈಜು ಕಲೀತಿದ್ದೀಯಾ? ನೀರ್ ಬಿಡ್ಲಾ?" ಎಂದ. ಅವನೇ ಕಾಲು ಹಿಡಿದು ಇಳಿಸಿದ. ಇಳಿಸಿದವನು ಸುಮ್ಮನೆ ಹೋಗಬಾರದೇ? ಬೀದಿಗೆಲ್ಲ ಹೇಳಿಕೊಂಡು ಹೋದ.

ಸಾವಿತ್ರಿ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಬ್ಯಾಗಿಗೆ ತುಂಬಿದ್ದ ಸೀರೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಬೀರುವಿನಲ್ಲಿಟ್ಟಳು. "ಬೇಡ ಬಿಡ್ರೀ. ಅಲ್ಲೆಲ್ಲೋ ಬಿದ್ದು ಸೊಂಟ ಮುರ್ಕೊಂಡ್ರೆ ನಾನೊಬ್ಳೇ ಏನ್ ಮಾಡ್ಲಿ? ಗಾಡೀಲಿ ಪೈಪು ತುಂಬಿಸಿ. ನಾಳೆ ಅಂಗಡಿ ತೆಗೆಯೋಣ." ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕಂಗೆಡಿಸಿತು. ಈ ಸಲ ತಪ್ಪಿದರೆ ಆಕೆಯ ಸಮುದ್ರ ತಪ್ಪಿದಂತೆಯೇ ಎಂದು ನನಗೆ ಖಾತ್ರಿಯಾಯಿತು. ಕೆಳಗಿನ ಹಾಸಿಗೆ ಒಬ್ಬರಿಗಷ್ಟೇ ಸಾಲುವಂಥದ್ದು. ಮೊದಲಿನಿಂದ ಅದು ಆಕೆಯದೆಂದೇ ತೀರ್ಮಾನವಾಗಿತ್ತು. ಆಕೆ ನನಗಿಂತ ಹಗುರ, ಮಂಡಿ ನನಗಿಂತ ಗಟ್ಟಿ. ದಿನಾ ಬಟ್ಟೆ ಒಣಹಾಕಲು ಟೆರೇಸು ಹತ್ತುವವಳು. ಬೇರೆ ದಾರಿ ಕಾಣದೆ ನನಗೆ ಗೊತ್ತಿದ್ದ ಒಂದೇ ವಿದ್ಯೆ ಹೊರತೆಗೆದೆ: ಆಕೆಗೆ ಮೇಲಿನ ಹಾಸಿಗೆಯನ್ನು ಮಾರತೊಡಗಿದೆ. "ನೋಡೇ, ಮೇಲೆ ಗಾಳಿ ಸಖತ್ತಾಗಿ ಬರತ್ತೆ. ಸೊಳ್ಳೆ ಅಷ್ಟೆತ್ತರ ಬರಲ್ಲ. ಕಿಟಕಿ ಇರೋದೇ ಅಲ್ಲಿ. ಮಲಗಿದಲ್ಲಿಂದ್ಲೇ ಸಮುದ್ರ ಕಾಣತ್ತೆ." ಒಂದೂ ನಾನು ಪರೀಕ್ಷಿಸಿದ ಮಾತಲ್ಲ. ಆಕೆ ಸೀರೆ ಮಡಿಸುತ್ತಲೇ ಕೇಳಿದಳು. ನನ್ನ ಪಕ್ಕದಲ್ಲೇ ಕೂತು ಬಿಲ್ಲು ಬರೆದವಳಿಗೆ ನನ್ನ ಈ ದನಿ ಗೊತ್ತಿಲ್ಲವೇ? "ಸರಿ" ಎಂದಳು, "ನಾನೇ ಮೇಲೆ ಮಲಗ್ತೀನಿ. ಒಂದ್ಸಲ ಹತ್ತಿದ್ಮೇಲೆ ಮಾತ್ರ ಬೆಳಗಾಗೋವರ್ಗೂ ಇಳಿಯಲ್ಲ. ಏನ್ ಬೇಕಾದ್ರೂ ನೀವೇ ತಂದ್ಕೊಡ್ಬೇಕು." ಮಲಗುವವಳಿಗೆ ಏನು ತಾನೇ ಬೇಕಾದೀತು? ಕಣ್ಣು ಮುಚ್ಚಿ ಒಪ್ಪಿಕೊಂಡೆ. ಒಪ್ಪುವ ಮುನ್ನ ಎದುರಿನವರ ಷರತ್ತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ ಎಂದು ನಿಮಗೆ ಹೇಳಬಲ್ಲೆ; ನನಗೆ ಹೇಳುವವರು ಯಾರೂ ಇರಲಿಲ್ಲ.

ಕಾರವಾರದ ಕಡೆ ಸಮುದ್ರದ ದಂಡೆಯಲ್ಲಿ ಗಾಡಿ ನಿಲ್ಲಿಸಿದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಸಾವಿತ್ರಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೆರೇಸಿಗೆ ಹೋಗುವವಳ ಹಾಗೆ ಸರಸರ ಹತ್ತಿ, ಮಗ್ಗುಲಾಗಿ ಉರುಳಿ ಒಳಗೆ ಸೇರಿಕೊಂಡಳು. ಹೀಗೆ ಉರುಳಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನಾನು ಕೆಳಗಿನ ಹಾಸಿಗೆಯಲ್ಲಿ ಕಾಲು ಚಾಚಿದೆ. "ರೀ, ಕನ್ನಡಕ." ಹತ್ತಿ ಕೊಟ್ಟು ಇಳಿದೆ. "ರೀ, ಮಂಡಿಗೆ ಹಚ್ಚೋ ಎಣ್ಣೆ." "ರೀ, ಚಾರ್ಜರ್ರು." "ರೀ, ಚಾರ್ಜರ್ ಸಿಗಿಸೋಕೆ ಇಲ್ಲಿ ಪ್ಲಗ್ಗೇ ಇಲ್ಲ, ಇಸ್ಕೊಳ್ಳಿ." ಅಂಗಡಿಯಲ್ಲಿ ದಿನವಿಡೀ ನಿಂತರೂ ಇಷ್ಟು ಸುಸ್ತಾದದ್ದಿಲ್ಲ. "ರೀ, ಒಂದ್ ಲೋಟ ಕಾಫಿ ಮಾಡ್ತೀರಾ?" ಎಂದಾಗ ಏಳುವ ಶಕ್ತಿಯೂ ಇರಲಿಲ್ಲ. ಆದರೂ ಮಾಡಿದೆ, ಆಡಿದ ಮಾತು. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಜೀವ ಹಿಡಿದು ಹತ್ತಿ, ಮೇಲಿನ ಹಾಸಿಗೆಯ ಮಟ್ಟಕ್ಕೆ ತಲೆ ಎತ್ತಿದೆ.

ಸಮುದ್ರ ಕಂಡಿತು. ಪೂರ್ತಿ. ಕೆಳಗಿನ ನನ್ನ ಹಾಸಿಗೆಯಿಂದ ತೆರೆದ ಬಾಗಿಲಲ್ಲಿ ಕಾಣುವುದು ಪಕ್ಕದಲ್ಲಿ ನಿಂತ ಬಸ್ಸಿನ ಹಿಂದಿನ ಚಕ್ರ. ಕಿಟಕಿಯಿಂದ ಗಾಳಿ ನುಗ್ಗಿ ಸಾವಿತ್ರಿಯ ಹಣೆಯ ಕೂದಲು ಹಾರುತ್ತಿತ್ತು. ಒಂದು ಸೊಳ್ಳೆಯೂ ಇರಲಿಲ್ಲ. ಇದ್ದಬದ್ದವೆಲ್ಲ ಕೆಳಗೆ ನನಗಾಗಿ ಕಾಯುತ್ತಿದ್ದವು. ಮಾರುವಾಗ ನಾನು ಹೇಳಿದ್ದೆಲ್ಲ ಅಕ್ಷರಶಃ ನಿಜವಾಗಿಬಿಟ್ಟಿತ್ತು. ನನ್ನ ವ್ಯಾಪಾರದ ಬದುಕಿನಲ್ಲಿ ಹೀಗಾದದ್ದು ಇದೇ ಮೊದಲು.

"ಕೊಟ್ಟಾಯ್ತಲ್ಲ, ಇಳ್ದು ಹೋಗಿ ಮಲಕ್ಕೊಳ್ಳಿ" ಎಂದಳು.

"ಇರ್ಲಿ, ನೀನು ಕುಡಿದ್ಮೇಲೆ ಲೋಟ ತಗೊಂಡು ಹೋಗ್ತೀನಿ. ಇನ್ನೊಂದ್ಸಲ ಯಾರು ಹತ್ತೋರು?"

ಸಲಾಕೆಯ ಮೇಲೆ ಅಂಗಾಲು ಉರಿಯುತ್ತಿತ್ತು. ಬೇಗ ಕುಡಿ ಎಂದು ನಾನು ಹೇಳಲಿಲ್ಲ. ಆಕೆಯೂ ಬೇಗ ಕುಡಿಯಲಿಲ್ಲ.