ಮೇಡಂ ಗಂಟಲು ಮತ್ತು ನನ್ನ ಬಾಯಿ

ನನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದರೆ ನಾನು ತಬ್ಬಿಬ್ಬಾಗುತ್ತೇನೆ. ಚಿಕ್ಕಂದಿನಿಂದಲೂ ಬೇರೆಯವರ ದನಿಯಲ್ಲೇ ಕಾಲ ತಳ್ಳಿದವನು ನಾನು. ಭದ್ರಾವತಿ ಬಸ್ಸಿನ ಕಂಡಕ್ಟರು, ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಮನೆಯನ್ನೇ ಮೂರು ಪಾಳಿಯಲ್ಲಿ ನಡೆಸುತ್ತಿರುವ ನಮ್ಮಪ್ಪ, ನನ್ನನ್ನು ನೋಡಿದ ಕೂಡಲೇ ‘ಹುಡುಗ ಸ್ವಲ್ಪ ತೆಳ್ಳಗಲ್ವಾ’ ಎಂದು ಸಂಬಂಧ ಮುರಿದ ಹೆಣ್ಣಿನ ಸೋದರಮಾವ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಮನೆ ಮಾಲೀಕನಿಗೇ ಜಾಗವಿಲ್ಲ.

ಜನ್ನಾಪುರದಿಂದ ದಿನಾ ಬಸ್ಸು ಹತ್ತಿ ಶಿವಮೊಗ್ಗದ ಒಂದು ಮಹಿಳಾ ಕಾಲೇಜಿಗೆ ಬಂದು ಗುಮಾಸ್ತಿಕೆ ಮಾಡುವವನು ನಾನು. ಅಲ್ಲಿ ನನ್ನ ಅತ್ಯುತ್ತಮ ಸರಕು ಎಂದರೆ ಪ್ರಿನ್ಸಿಪಾಲ್ ವಿಶಾಲಾಕ್ಷಿ ಮೇಡಂ. ಅವರ ಕೆಮ್ಮು, ‘ಏನ್ರೀ’ ಅನ್ನುವುದರಲ್ಲಿನ ಗುಡುಗು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಾಗ ದನಿಯೂ ಅಷ್ಟೇ ಕೆಳಗಿಳಿಯುವ ರೀತಿ, ಎಲ್ಲವೂ ನನಗೆ ಬಾಯಿಪಾಠ. ಒಮ್ಮೆ ಆಫೀಸಿನಲ್ಲಿ ಅವರನ್ನೇ ಮಾಡಿ ತೋರಿಸುತ್ತಿದ್ದಾಗ ನಗುತ್ತಿದ್ದವರೆಲ್ಲ ಒಟ್ಟಿಗೆ ಫೈಲುಗಳಲ್ಲಿ ಮುಖ ಹುದುಗಿಸಿದರು. ತಿರುಗಿ ನೋಡಿದರೆ ಮೇಡಂ. ‘ಮೂಗು ಸ್ವಲ್ಪ ಕಡಿಮೆ ಮಾಡಯ್ಯ, ನಂಗೆ ಅಷ್ಟೊಂದು ನೆಗಡಿ ಇಲ್ಲ’ ಎಂದಷ್ಟೇ ಹೇಳಿ ಹೋದರು.

ಅವರು ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಬೀಳ್ಕೊಡುಗೆಗೆ ಪರಿಚಯ ಭಾಷಣ ಬರೆಯುವ ಕೆಲಸ ನನ್ನ ತಲೆಗೆ ಬಂತು. ಸೇವಾ ಪುಸ್ತಕ ತೆಗೆದೆ. ಇತಿಹಾಸದ ಉಪನ್ಯಾಸಕಿ, ಹಾಸ್ಟೆಲ್ ವಾರ್ಡನ್, ಉಪಪ್ರಾಂಶುಪಾಲೆ, ಪ್ರಾಂಶುಪಾಲೆ. ನಡುನಡುವೆ ಗಳಿಕೆ ರಜೆ. ಇದನ್ನು ಓದಿದರೆ ಸಭೆಯಲ್ಲಿ ಎಚ್ಚರವಿರುವುದು ಮೈಕ್ ಒಂದೇ. ಆದರೆ ಮೇಡಂ ಮೇಜಿನ ಮೇಲೆ ಇನ್ನೊಂದು ಪುಸ್ತಕವಿತ್ತು. ನಾವದನ್ನು ಬಾರದವರ ಪುಸ್ತಕ ಎನ್ನುತ್ತಿದ್ದೆವು. ಯಾವ ಹುಡುಗಿ ಒಂದು ವಾರ ಕಾಣಲಿಲ್ಲವೋ ಅವಳ ಹೆಸರು ಅದಕ್ಕೆ ಹತ್ತುತ್ತಿತ್ತು. ಮಧ್ಯಾಹ್ನ ನಾಲ್ಕಕ್ಕೆ ಮೇಡಂ ಅವಳ ಅಪ್ಪನಿಗೆ ಫೋನ್ ಮಾಡುತ್ತಿದ್ದರು. ಆಗ ಮಾತ್ರ ಬಾಗಿಲು ಹಾಕಿರುತ್ತಿತ್ತು. ಆಮೇಲೆ ಹೆಸರಿನ ಮುಂದೆ ‘ಬರ್ತಾಳೆ’ ಎಂದು ಬರೆಯುತ್ತಿದ್ದರು, ಅವಳು ಬರುತ್ತಿದ್ದಳು. ಈಗಿನ ಕೆಲವು ಹುಡುಗಿಯರ ತಾಯಂದಿರ ಹೆಸರುಗಳೂ ಅದರ ಹಳೆಯ ಹಾಳೆಗಳಲ್ಲಿವೆ. ಬಾಗಿಲ ಹಿಂದೆ ಅವರು ಗುಡುಗಿಯೇ ಅಪ್ಪಂದಿರನ್ನು ಬಗ್ಗಿಸುತ್ತಾರೆಂದು ನಾನು ಲೆಕ್ಕ ಹಾಕಿದ್ದೆ.

ಅಂಥ ಹೊತ್ತಿನಲ್ಲಿ ಮೇಡಂ ಗಂಟಲು ಕೈಕೊಟ್ಟಿತು. ಡಾಕ್ಟರು ಒಂದು ವಾರ ಮಾತೇ ಆಡಬಾರದು ಎಂದರು. ಪುಸ್ತಕದಲ್ಲಿ ಒಂದೇ ಹೆಸರು ಉಳಿದಿತ್ತು: ನಸೀಮಾ, ಕೊನೆಯ ವರ್ಷದ ಬಿ.ಕಾಂ., ನಮ್ಮ ಜನ್ನಾಪುರದವಳೇ. ಪರೀಕ್ಷೆಯ ಅರ್ಜಿಗೆ ಮರುದಿನವೇ ಕೊನೆ. ಅವಳು ಬಂದು ಸಹಿ ಹಾಕದಿದ್ದರೆ ಆ ವರ್ಷ ಹೋದಂತೆಯೇ. ಮೇಡಂ ನನ್ನನ್ನು ಕರೆದು ಚೀಟಿಯಲ್ಲಿ ‘ನನ್ನ ಪರವಾಗಿ ಮಾತಾಡು’ ಎಂದು ಬರೆದರು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಅವರಾಗಿಯೇ ಮಾತಾಡಿದೆ.

ನಸೀಮಾ ಅಪ್ಪನಿಗೆ ಫೋನ್ ಹಚ್ಚಿ ಕೆಮ್ಮಿದೆ. ‘ಏನ್ರೀ ರಫೀಕ್ ಸಾಬ್ರೇ, ಮಗಳನ್ನ ಯಾಕೆ ಕಳಿಸ್ತಿಲ್ಲ’ ಎಂದು ಗುಡುಗಿದೆ. ಎದುರಿಗೆ ಕೂತಿದ್ದ ಮೇಡಂ ಹಣೆ ಹಿಡಿದುಕೊಂಡರು.

‘ಬಸ್ ಸಿಕ್ಕಲ್ಲ ಮೇಡಂ. ಮನೆಗೆ ಬರೋದು ಕತ್ತಲಾಗುತ್ತೆ. ಅವ್ರಮ್ಮಂಗೆ ಬಿಪಿ.’

‘ಬಸ್ಸು ಎಲ್ರಿಗೂ ಒಂದೇ. ನಾಳೆ ಕಳಿಸಿ.’

‘ಆಗಲ್ಲ ಮೇಡಂ. ಓದಿದ್ದು ಸಾಕು.’

ಮೇಡಂ ದನಿಗೆ ಯಾರೂ ‘ಆಗಲ್ಲ’ ಎಂದದ್ದನ್ನು ನಾನು ಕೇಳಿರಲಿಲ್ಲ. ಗಾಬರಿಯಲ್ಲಿ ನನ್ನದೇ ಮಾತು ಹೊರಬಿತ್ತು. ‘ಸ್ವಲ್ಪ ನೋಡಿ ಮಾಡಿ ಸಾಬ್ರೇ, ನಾಳೆ ಬೇಕೇ ಬೇಕಿತ್ತು.’

ರಫೀಕ್ ಸಾಬರು ನಮ್ಮ ಬೀದಿಯ ಸ್ಕೂಟರ್ ಮೆಕ್ಯಾನಿಕ್ಕು. ಈ ಮಾತನ್ನು ನಾನು ಅವರಿಗೆ ವಾರಕ್ಕೊಮ್ಮೆಯಾದರೂ ಹೇಳುವವನು.

‘ನಿನ್ ಸ್ಕೂಟರ್ ಮೊನ್ನೇನೇ ಕೊಟ್ನಲ್ಲ ಮಾರಾಯ’ ಎಂದರು ಸಾಬರು. ‘ಮೇಡಂ ಹೆಸರಲ್ಲಿ ಆಟ ಆಡ್ತೀಯಾ? ಅವ್ರು ಹಿಂಗೆಲ್ಲ ಕೂಗಾಡೋರಲ್ಲ.’

ನನ್ನ ಬೆವರು ನೋಡಿ ಮೇಡಂ ರಿಸೀವರ್ ಕಿತ್ತುಕೊಂಡರು. ಮಾತಾಡುವಂತಿಲ್ಲ. ಪೆನ್ನಿನಿಂದ ಮೇಜಿನ ಗಾಜಿನ ಮೇಲೆ ಟಕ್, ಟಕ್ ಎಂದು ಎರಡು ಸಲ ಬಡಿದರು, ಸುಮ್ಮನಾದರು. ಬಗ್ಗಿ ಕಿವಿಗೊಟ್ಟ ನನಗೂ ಸಾಬರ ಮಾತು ಕೇಳಿಸುತ್ತಿತ್ತು.

‘ಮೇಡಂ, ನೀವೇನಾ? ಹೋದ ಸಲಾನೂ ಫೋನಲ್ಲಿ ಹಿಂಗೇ ಟಕ್ ಟಕ್ ಅಂದಿತ್ತು... ಅಲ್ಲ ಮೇಡಂ, ಓದೋದು ಬೇಡ ಅಂತ ನಾನು ಯಾವಾಗ ಅಂದೆ?’

ಮೇಡಂ ಸುಮ್ಮನಿದ್ದರು.

‘ಕತ್ತಲಲ್ಲಿ ಒಬ್ಳೇ ನಡ್ಕೊಂಡ್ ಬರ್ತಾಳೆ, ಅಷ್ಟೇ. ಭಯ ಆಗುತ್ತೆ ಮೇಡಂ.’

ಮೇಡಂ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

‘ಬಸ್ ಸ್ಟಾಪಿಗೆ ನಾನೇ ಹೋಗಿ ನಿಲ್ಲಬಹುದು ಅನ್ನಿ. ರಿಪೇರಿಗೆ ಬಿಟ್ಟಿರೋ ಗಾಡಿಗಳು ಅರ್ಧ ಗಂಟೆ ಕಾದ್ರೆ ಏನೂ ಸಾಯಲ್ಲ... ಆಯ್ತು ಮೇಡಂ. ನಾಳೆ ಬರ್ತಾಳೆ.’

ಟಕ್. ಫೋನ್ ಇಟ್ಟರು. ಪುಸ್ತಕದಲ್ಲಿ ‘ಬರ್ತಾಳೆ’ ಎಂದು ಬರೆದರು. ಇಷ್ಟು ವರ್ಷ ನಾನು ಕಷ್ಟಪಟ್ಟು ಕಲಿತದ್ದು ಮೇಡಂ ಫೋನಿನಲ್ಲಿ ಮಾಡದೇ ಇದ್ದ ಕೆಲಸವನ್ನು. ಗುಡುಗು ಕಾರಿಡಾರಿಗೆ ಮಾತ್ರ ಮೀಸಲಾಗಿತ್ತು.

ಆ ಸಂಜೆ ಸಾಬರ ಅಂಗಡಿಗೆ ಹೋಗಿ, ಮೇಡಂ ಗಂಟಲು ಕೆಟ್ಟದ್ದನ್ನು ಹೇಳಿ ತಪ್ಪೊಪ್ಪಿಕೊಂಡೆ. ಮರುದಿನ ನಸೀಮಾ ಒಂಬತ್ತೂವರೆಗೇ ಬಂದಳು. ಅರ್ಜಿಗೆ ಸಹಿ ಹಾಕಿ, ಒಂದು ಪೊಟ್ಟಣ ಮುಂದಿಟ್ಟಳು. ‘ಶುಂಠಿ, ಕಲ್ಲುಸಕ್ಕರೆ. ಮೇಡಂಗೆ ಅಪ್ಪ ಕೊಟ್ಟಿದ್ದು. ನಿಮಗೂ ಸ್ವಲ್ಪ ಕೊಡೋಕೆ ಹೇಳಿದ್ರು ಸರ್. ನಿಮ್ಮ ಗಂಟಲು ಮೇಡಂಗಿಂತ ಕೆಟ್ಟಿದೆಯಂತೆ.’

ಬೀಳ್ಕೊಡುಗೆಯ ದಿನ ಭಾಷಣ ಮುಗಿಸುವಷ್ಟರಲ್ಲಿ ಹುಡುಗಿಯರೆಲ್ಲ ‘ಮೇಡಂ ಥರ ಮಾಡಿ ಸರ್’ ಎಂದು ಪೀಡಿಸಿದರು. ಈ ಸಲ ಅಸಲಿ ಮೇಡಂ ಅವರನ್ನೇ ಮಾಡಿ ತೋರಿಸುತ್ತೇನೆಂದು ಮೈಕಿನ ಮುಂದೆ ನಿಂತೆ. ಜೇಬಿನಿಂದ ಪೆನ್ನು ತೆಗೆದೆ, ಪೋಡಿಯಂ ಮೇಲೆ ಎರಡು ಸಲ ಬಡಿದೆ, ಬಾಯಿ ಮುಚ್ಚಿದೆ. ಮುಂದಿನ ಸಾಲಿನಲ್ಲಿ ನಸೀಮಾ, ನಾನು ಎಷ್ಟು ಹೊತ್ತು ತಡೆಯುತ್ತೇನೆಂದು ಬೆರಳು ಮಡಚಿ ಎಣಿಸುತ್ತಿದ್ದಳು. ಅವಳ ನಾಲ್ಕನೇ ಬೆರಳು ಮಡಚುವ ಹೊತ್ತಿಗೆ ನನ್ನ ನಾಲಿಗೆ ತಡೆಯದೆ ‘ಏನ್ರೀ’ ಎಂದುಬಿಟ್ಟಿತು.

ಸಭೆಯೆಲ್ಲ ನಕ್ಕಿತು. ವೇದಿಕೆಯ ಮೇಲಿದ್ದ ಮೇಡಂ ಮಾತ್ರ ಏನೂ ಹೇಳಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನನ್ನನ್ನೇ ನೋಡುತ್ತ ಕೂತರು. ನಾನಾಗಿಯೇ ಮೈಕಿನಲ್ಲಿ, ಯಾರೂ ಕೇಳದಿದ್ದರೂ, ನಾಳೆಯಿಂದ ಬಾರದವರ ಪುಸ್ತಕ ನಾನೇ ನೋಡಿಕೊಳ್ಳುತ್ತೇನೆ ಎಂದು ಒಪ್ಪಿಕೊಂಡು ಕೆಳಗಿಳಿದೆ.