ಬೀಗರು ಕ್ಲಾಸಿಗೆ ಬಂದರು

"ಬೀಗರು ಬರ್ತಿದಾರೆ ರೀ! ಮನೆಗಲ್ಲ, ನಿಮ್ಮ ಇಂಗ್ಲಿಷ್ ಕ್ಲಾಸಿಗೆ!"

ದರ್ಜಿಯ ಬಾಯಲ್ಲಿದ್ದ ಗುಂಡುಸೂಜಿ ಇನ್ನೇನು ಗಂಟಲಿಗೆ ಇಳಿಯಬೇಕು, ಹೇಗೋ ಉಗುಳಿದ. "ಯಾಕಂತೆ?"

"ನಮ್ಮನೆಯವರು ಇಂಗ್ಲಿಷ್ ಅರೆದು ಕುಡಿದಿದಾರೆ ಅಂತ ನಾನೇ ಒಂದು ಮಾತು ಬಿಟ್ಟಿದ್ದೆ. ಮಗಳ ಮಾವನ ಮುಂದೆ ನಿಮ್ಮನ್ನ ಬಿಟ್ಟುಕೊಡಕ್ಕಾಗುತ್ತಾ? ಈಗ ಕಣ್ಣಾರೆ ನೋಡ್ಬೇಕಂತೆ. ಇವತ್ತೇ!"

ದರ್ಜಿ ಸಂಜೆ ಕ್ಲಾಸಿಗೆ ಸೇರಿ ಮೂರು ತಿಂಗಳಾಗಿತ್ತು. ಅವನ ಇಂಗ್ಲಿಷ್ ಗುಂಡಿ ಹಾಕದ ಅಂಗಿಯ ಹಾಗೆ. ಮನೆಯೊಳಗೆ ನಡೆಯುತ್ತದೆ, ಬೀದಿಗೆ ಬರುವಂತಿಲ್ಲ. ಇವತ್ತು ಮಾನ ಹೋದರೆ ಮಗಳು ಆ ಮನೆಯಲ್ಲಿ ತಲೆಯೆತ್ತುವುದು ಹೇಗೆ?

ಪಕ್ಕದಂಗಡಿಯ ಕ್ಷೌರಿಕ ಅವನ ಬೆಂಚ್‌ಮೇಟ್. ಊರಿಗೆಲ್ಲ 'ಮೀಸೆ' ಎಂದೇ ಪರಿಚಯ. "ನಾನಿಲ್ವೇನಯ್ಯಾ? ಮುಂದಿನ ಬೆಂಚಲ್ಲಿ ತಿರುಗಿ ಕೂತ್ಕೋತೀನಿ. ಬಲಗಿವಿ ಮುಟ್ಟಿದ್ರೆ ಎ, ಎಡಗಿವಿ ಬಿ, ಮೂಗು ಸಿ, ಮೀಸೆ ಡಿ. ನೋಡ್ಕೊಂಡು ಹೇಳ್ಬಿಡು."

ಬೀಗರು ಬಂದು ಹಿಂದಿನ ಬೆಂಚಲ್ಲಿ ಇನ್‌ಸ್ಪೆಕ್ಟರ್ ಥರ ಕೂತರು. ಟೀಚರಮ್ಮ ಕ್ಲಾಸಿನಲ್ಲಿ ಇಂಗ್ಲಿಷ್ ಬಿಟ್ಟು ತುಟಿ ಬಿಚ್ಚುವವರಲ್ಲ. ಮೊದಲು ಗ್ರಾಮರ್, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ಬಿಟ್ಟ ಸ್ಥಳ ತುಂಬಿರಿ. ದೊಡ್ಡವರೊಬ್ಬರು ನೋಡುತ್ತಿದ್ದಾರೆಂಬ ಹುರುಪಿಗೆ ಕ್ಷೌರಿಕ ಮೀಸೆ ತಿರುವಿದ.

"ಡಿ!" ಎಂದ ದರ್ಜಿ. ತಪ್ಪು.

ಎರಡನೆಯದಕ್ಕೂ ಮೀಸೆ. "ಡಿ!" ಅದೂ ತಪ್ಪು.

ಆಮೇಲೆ ಪಾಠ ಓದಿ ಉತ್ತರಿಸುವ ಸರದಿ. ಮುದುಕನಿಗೆ ರೈಲು ತಪ್ಪಿದ್ದು ಏಕೆ? ಹುಡುಕಿದ್ದರೆ ಉತ್ತರ ಎರಡನೇ ಸಾಲಲ್ಲೇ ಸಿಗುತ್ತಿತ್ತು. ದರ್ಜಿಯ ಕಣ್ಣು ಮಾತ್ರ ಮೀಸೆಗೆ ಅಂಟಿತ್ತು.

"ಡಿ!"

ಆ ಪ್ರಶ್ನೆಗಿದ್ದದ್ದು ಮೂರೇ ಉತ್ತರ, ಎ ಬಿ ಸಿ. ಟೀಚರಮ್ಮ ನಗು ತಡೆದು, ಅವಸರವಿಲ್ಲ, ನಿಧಾನವಾಗಿ ಇನ್ನೊಮ್ಮೆ ಓದಿ ಎಂದು ಇಂಗ್ಲಿಷಿನಲ್ಲೇ ಮೆತ್ತಗೆ ಹೇಳಿದರು.

"ಭೇಷ್!" ಹಿಂದಿನಿಂದ ಬೀಗರ ಚಪ್ಪಾಳೆ.

ಹಂಗಿಸುತ್ತಿದ್ದಾರೆಂದು ದರ್ಜಿ ಇಸ್ತ್ರಿಪೆಟ್ಟಿಗೆಯಂತೆ ಬಿಸಿಯಾದ. ಕ್ಲಾಸು ಬಿಟ್ಟಾಗ ಗೋಡೆ ಹಿಡಿದು ನುಸುಳಲು ನೋಡಿದ. ಬೀಗರು ಬಿಡಲಿಲ್ಲ, ಎರಡೂ ಕೈ ಹಿಡಿದುಕೊಂಡರು.

"ಏನ್ ಬೀಗರೇ ನೀವು! ಅವರು ಕೇಳಿ ಮುಗಿಸೋ ಮುಂಚೇನೇ ಉತ್ತರ! ಅದೂ ಒಂದೇ ಅಕ್ಷರದಲ್ಲಿ!"

"ಅಯ್ಯೋ, ಅದು..."

"ನಿಮ್ಹತ್ರ ಏನು ಮುಚ್ಚುಮರೆ?" ಬೀಗರ ದನಿ ತಗ್ಗಿತು. "ನಂಗೆ ಇಂಗ್ಲಿಷ್ ಒಂದಕ್ಷರ ಬರಲ್ಲ. ಸೊಸೆ ಮುಂದೆ ಇಷ್ಟು ದಿನ ಬರುತ್ತೆ ಅಂತ ಕೊಚ್ಕೊಂಡೆ. ಈಗ ಮೊಮ್ಮಗನ್ನ ಶಾಲೆಗೆ ಸೇರಿಸ್ಬೇಕು, ನೀವೇ ಹೋಗಿ ಮಾತಾಡಿ ಮಾವಾ ಅಂತಿದಾಳೆ. ಅಲ್ಲಿಯ ಹೆಡ್ ಮೇಡಂ ಬರೀ ಇಂಗ್ಲಿಷು. ನೀವು ಜೊತೆಗಿದ್ದು ಮಾತಾಡ್ಬಿಡಿ. ನನ್ ಮಾನ ನಿಮ್ ಕೈಲಿದೆ."

ನಿಜ ಹೇಳಲು ದರ್ಜಿ ಬಾಯಿ ತೆರೆದ. ಬೀಗರು ಹಿಡಿದ ಕೈಗಳನ್ನು ಕಣ್ಣಿಗೊತ್ತಿಕೊಂಡರು.

"ಯಾವತ್ತು?" ಎಂದ.

"ನಾಳೆ ಬೆಳಿಗ್ಗೆ ಹತ್ತಕ್ಕೆ, ಶಾಲೆ ಗೇಟ್ ಹತ್ರ. ಲೇಟ್ ಮಾಡ್ಬೇಡಿ, ಬೀಗರೇ."