ಅಣ್ಣನ ತಲೆಯ ರಕ್ತ, ನನ್ನ ಊಟ

ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಕಡಿಮೆ. ದಿನಚರಿ ಬರೆಯುವುದು ಅದಕ್ಕೇ. ಆದರೆ ಬೇಕಾದ ದಿನದ ಪುಟವೇ ಖಾಲಿ ಇರುತ್ತದೆ. ಅಣ್ಣನ ಮಗಳ ಮದುವೆಯ ದಿನವೂ ಹಾಗೆಯೇ. ಅವತ್ತು ನಾನು ಉಣ್ಣದೆ ಎದ್ದುಹೋದೆ ಎಂದು ಅಣ್ಣ, ಉಂಡೇ ಹೋದೆ ಎಂದು ನಾನು. ಮದುವೆಮನೆಯಲ್ಲಿ ಉಣ್ಣದೆ ಹೋಗುವುದೆಂದರೆ ನಮ್ಮ ಕಡೆ ಸಂಬಂಧ ಹರಿದುಕೊಂಡಂತೆ. ನನ್ನ ನಂಜನಗೂಡಿಗೂ ಅವನ ನರಸೀಪುರಕ್ಕೂ ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರ; ವರ್ಷಗಟ್ಟಲೆ ಇಬ್ಬರೂ ದಾಟಲಿಲ್ಲ.

ಹೀಗಿರುವಾಗ ಒಂದು ದಿನ ಅಣ್ಣನೇ ಫೋನ್ ಮಾಡಿದ. "ನೀನು ಉಂಡೇ ಓಗಿದ್ದೆ ಕಣ್ಲಾ. ಪಾಯಸ ಎಲ್ಡ್ ಸಲ ಆಕಿಸ್ಕೊಂಡೆ, ನಾನೇ ನೋಡಿದ್ದೆ," ಎಂದ. ನನ್ನ ಕಣ್ಣು ತುಂಬಿತು. ಮರುದಿನವೂ ಫೋನ್ ಮಾಡಿ ಅದನ್ನೇ ಹೇಳಿದ, ಅದರ ಮರುದಿನವೂ. ವಯಸ್ಸಾದಂತೆ ಮನಸ್ಸು ಮಾಗುತ್ತದೆ ಎಂದು ಹೆಂಡತಿಗೆ ಉಪನ್ಯಾಸ ಕೊಟ್ಟೆ. ಆಮೇಲೆ ಅತ್ತಿಗೆಯ ಫೋನ್ ಬಂತು: "ನಿಮ್ಮಣ್ಣ ಎಡಗಾಲು ಎಳೀತಾರೆ ಕಣಪ್ಪ. ಅಂಗ್ಡೀಲಿ ಗೊಬ್ಬರ ಕೇಳ್ದೋರಿಗೆ ಬೀಜ ಕೊಟ್ಟು ಕಳಿಸ್ತಾರೆ."

ಮೈಸೂರಿನಲ್ಲಿ ಸ್ಕ್ಯಾನ್ ಮಾಡಿದರು. ಕೆಲವು ವಾರಗಳ ಹಿಂದೆ ಅಂಗಡಿಯ ಶಟರ್ ತಲೆಗೆ ಬಡಿದಿತ್ತಂತೆ; ಅಂದಿನಿಂದ ಮೆದುಳಿನ ಸುತ್ತ ರಕ್ತ ಮೆಲ್ಲಗೆ ಸೋರಿ ಒತ್ತುತ್ತಿತ್ತು. "ಬುರುಡೆ ಕೊರೆಯೋದು ಬೇಡ," ಎಂದರು ಡಾಕ್ಟರು. ಮಣಿಕಟ್ಟಿನ ರಕ್ತನಾಳದೊಳಗೆ ದಾರದಂಥ ಕೊಳವೆ ತೂರಿಸಿ, ಆ ಸೋರಿಕೆಯನ್ನು ಸಾಕುತ್ತಿದ್ದ ಸಣ್ಣ ನಾಳವನ್ನು ಮುಚ್ಚಿದರು. ಉಳಿದ ರಕ್ತವನ್ನು ಮೈಯೇ ನಿಧಾನವಾಗಿ ಹೀರಿಕೊಂಡಿತು. ಕಾಲು ಸರಿಹೋಯಿತು, ಅಂಗಡಿ ಸರಿಹೋಯಿತು, ನನಗೆ ಬರುತ್ತಿದ್ದ ಫೋನೂ ನಿಂತಿತು. ಸಂತೋಷಪಟ್ಟೆ ಎಂದೇ ಬರೆಯಬೇಕು. ಪೂರ್ತಿ ಪಟ್ಟೆನೇ ಎಂಬುದು ಅನುಮಾನ. ನನಗಿದ್ದ ಒಬ್ಬನೇ ಸಾಕ್ಷಿ ಒತ್ತಡದಲ್ಲಿ ಹೇಳಿಕೆ ಕೊಟ್ಟಿದ್ದನೆಂದು ವೈದ್ಯಶಾಸ್ತ್ರವೇ ಸಾಬೀತು ಮಾಡಿತ್ತು.

ನೋಡಿಕೊಂಡು ಬರೋಣವೆಂದು ನರಸೀಪುರಕ್ಕೆ ಹೋದೆ. "ನಾನು ಉಂಡೆ ಅಂತ ನೀನೇ ಫೋನಲ್ಲಿ ಹೇಳಿದ್ಯಲ್ಲಣ್ಣ?" ಎಂದೆ.

"ಯಾವಾಗ್ಲಾ ಯೇಳ್ದೆ? ಉಣ್ದಲೇ ಎದ್ದೋದೋನು ನೀನು." ಹಳೆಯ ಖಾರ ಪೂರ್ತಿ ಮರಳಿತ್ತು. ಹಾಗೆಂದವನೇ ಅತ್ತಿಗೆಯ ಕಡೆ ತಿರುಗಿ, "ಇವನ್ಗೊಂದು ತಟ್ಟೆ ಆಕು. ಈಗ್ಲಾದ್ರೂ ಉಣ್ಲಿ," ಎಂದ.

ಇದಕ್ಕಿಂತ ದೊಡ್ಡ ಮಾತು ಅಣ್ಣನ ಬಾಯಲ್ಲಿ ಬರಲಾರದು, ಅದೂ ಗುಣವಾದ ತಲೆಯಿಂದ. ಒಳಗಿನಿಂದ ಬಿಸಿ ಮುದ್ದೆ, ಅವರೆಕಾಳು ಸಾರಿನ ಘಮ ಬರುತ್ತಿತ್ತು. "ಬೇಡ ಅತ್ತಿಗೆ, ಊಟ ಮಾಡ್ಕೊಂಡೇ ಬಂದೆ," ಎಂದುಬಿಟ್ಟೆ. ಯಾಕೆ ಹಾಗೆಂದೆನೋ, ಇವತ್ತಿಗೂ ತಿಳಿಯದು. ಅತ್ತಿಗೆ ಹಾಕಿದ್ದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದರು. ಅಣ್ಣ ನನ್ನ ಮುಖ ನೋಡಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಹೊಟ್ಟೆ ಚುರುಗುಟ್ಟುತ್ತಿತ್ತು. ಮದುವೆಯ ದಿನದ ಮಾತು ಏನಾದರೂ ಇರಲಿ, ಈ ಸಲ ಉಣ್ಣದೆ ಎದ್ದುಬಂದದ್ದು ನಾನೇ. ತಲೆಗೆ ಏನೂ ಬಡಿದಿರಲಿಲ್ಲ.